ಬಟಾಣಿ ಹೇಳಿದ್ದು

ಜನವರಿ ೯, ಶುಕ್ರವಾರ

ಟೀಚರಮ್ಮನವರಿಗೆ ಆಯಾ ಮಾಡುವ ನಮಸ್ಕಾರಗಳು.

ಗಂಟಲು ಹೇಗಿದೆ? ಆಪರೇಷನ್ ಆದ ಮೇಲೆ ಮೂರು ತಿಂಗಳು ಒಂದು ಮಾತೂ ಆಡಬಾರದಂತೆ, ಹೆಡ್‌ಮಿಸ್ ಹೇಳಿದರು. ಅದಕ್ಕೇ ನಾನು ಫೋನು ಮಾಡಲಿಲ್ಲ. ಮಾಡಿದರೆ ನೀವು ಮರೆತು "ಹಲೋ" ಅಂದುಬಿಟ್ಟರೆ, ಅಷ್ಟಕ್ಕೇ ಏನಾದರೂ ಆಗಿಬಿಟ್ಟರೆ, ಆ ಪಾಪ ನನ್ನ ತಲೆಗೆ. ಫೋನಿನಲ್ಲಿ ಒತ್ತಿ ಒತ್ತಿ ಬರೆಯಲು ನನಗೆ ಬರುವುದಿಲ್ಲ. ಕಾಗದವೇ ವಾಸಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಏನೆಂದರೆ, ನಿಮ್ಮ ಬದಲಿಗೆ ಬಂದಿರುವ ಹುಡುಗಿ ಒಂದು ಗಂಟೆಗೇ ಇನ್ನೊಂದು ಸ್ಕೂಲಿಗೆ ಓಡುತ್ತಾಳೆ. ಹಾಗಾಗಿ ಕೊನೆಯ ಅರ್ಧ ಗಂಟೆ ಚಾಪೆಯ ಮೇಲೆ ಮಕ್ಕಳನ್ನು ದುಂಡಗೆ ಕೂರಿಸಿಕೊಂಡು "ಇವತ್ತು ಏನು ಕಲಿತೆ" ಎಂದು ಕೇಳುವ ನಿಮ್ಮ ಕೆಲಸ ನನ್ನ ಕೊರಳಿಗೆ ಬಿದ್ದಿದೆ. "ನಾನು ಆರನೇ ಕ್ಲಾಸೂ ಮುಗಿಸಿಲ್ಲ ಮೇಡಂ" ಎಂದೆ. "ಅವ್ರು ಇನ್ನೂ ಒಂದನೇ ಕ್ಲಾಸಿಗೇ ಹೋಗಿಲ್ಲ, ನಿಮಗಿಂತ ಹಿಂದೆ ಇದಾರೆ, ಕೂತ್ಕೊಳ್ಳಿ" ಎಂದರು ಹೆಡ್‌ಮಿಸ್. ನಮ್ಮನೆಯವರಿಗೆ ಹೇಳಿದರೆ, "ಆಗದೇ ಇರೋದಕ್ಕೆ ಮೊದಲೇ ಅತ್ತು ಇಟ್ಕೊಳ್ಳೋದು ನಿನ್ನ ಹಳೇ ಚಾಳಿ" ಎಂದು ನಕ್ಕರು.

ನೀವು ಮಾಡುತ್ತಿದ್ದ ಹಾಗೇ ಮಾಡುತ್ತಿದ್ದೇನೆ. ಉಲ್ಲನ್ ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಅವರವರ ಹೆಸರಿನ ಮುಂದೆ ಬರೆಯುತ್ತೇನೆ. ಶುಕ್ರವಾರ ಪ್ರತಿ ಮಗುವಿನ ಐದು ದಿನದ ಸಾಲು ಬೇರೆ ಚೀಟಿಗೆ ಇಳಿಸಿ ಬ್ಯಾಗಿನಲ್ಲಿ ಮನೆಗೆ. ನಿಮಗೆಂದು ಇನ್ನೊಂದು ಪ್ರತಿ ಮಾಡಿದ್ದೇನೆ, ಜೊತೆಗಿದೆ. ಎಡಗೈ ಕಡೆ ಅಕ್ಷರ ಬಾಗಿದ್ದರೆ, ಅದು ನಾವು ರೇಡಿಯೋ ಎಂದು ಕರೆಯುವ ಆ ಹುಡುಗ ನನ್ನ ಮೊಣಕೈ ಮೇಲೆ ಕೂತಿದ್ದಕ್ಕೆ. ಅವನ ಬಾಯಿ ನಿಮಗೇ ಗೊತ್ತಲ್ಲ. "ಏಳಾದ್ಮೇಲೆ ಎಂಟು ಬರುತ್ತೆ, ಆದ್ರೆ ನಂಗೆ ಒಂಬತ್ತೇ ಇಷ್ಟ" ಎಂದ. ಮಾತಿಗೆ ಮಾತು ಹಾಕುವ ನಮ್ಮ ಪುಟ್ಟ ವಕೀಲ "ಸಾರಿ ಹೇಳಿದ್ರೂ ಕಚ್ಚಿದ ಜಾಗ ನೋಯ್ತಾನೇ ಇರುತ್ತೆ" ಎಂದು ಕಲಿತನಂತೆ. ಇದೆಲ್ಲ ಕಲಿಕೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನನಗೆ ಒಂದೇ ಯೋಚನೆ.

ಇನ್ನೊಂದು. ಹೆಡ್‌ಮಿಸ್ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು: "ಈ ಸಲ ಮೇಲಿನ ಕ್ಲಾಸಿಗೆ ಕಳಿಸೋದು ನಿಮ್ಮ ಆ ನೋಟ್‌ಬುಕ್ ನೋಡಿಯೇ. ಒಂದನೇ ಕ್ಲಾಸಿನ ಟೀಚರು, ಬಾಯಿ ಬಿಡದೇ ಇರೋ ಮಗುನ ತಗೊಳ್ಳಲ್ಲ ಅಂತಾ ಇದಾರೆ." ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೆಂದು ನಿಮಗೂ ಗೊತ್ತು. ನಮ್ಮ ಬಟಾಣಿ. ಅವಳ ಸಾಲೂ ಹಾಳೆಯಲ್ಲಿದೆ, ನೋಡಿ.

ಈ ಕಾಗದ ಸಿಕ್ಕಿತು ಎಂದಾದರೂ ಒಂದು ಸಾಲು ಹಾಕಿ. ಇಲ್ಲದಿದ್ದರೆ ಅಂಚೆಯವನು ಎಲ್ಲಿ ಬೀಳಿಸಿಕೊಂಡನೋ ಎಂದು ಕೊರಗುತ್ತೇನೆ.

ಇಂತಿ,
ನಿಮ್ಮ ಆಯಾ


ಜನವರಿ ೧೬

ಅಕ್ಕಾ,

ಕಾಗದ ಸಿಕ್ಕಿತು. ಅಂಚೆಯವನು ಬೀಳಿಸಲಿಲ್ಲ.

ನಿಮ್ಮ ಹಾಳೆಗಳನ್ನು ಮೂರು ಸಲ ಓದಿದೆ. ವಕೀಲನ ಮಾತು ಕಲಿಕೆಯ ಲೆಕ್ಕಕ್ಕೆ ಬರುವುದಷ್ಟೇ ಅಲ್ಲ, ಈ ವಾರದ ದೊಡ್ಡ ಕಲಿಕೆಯೇ ಅದು. ದಿನವೆಲ್ಲ ಓಡಾಡಿ, ಕಚ್ಚಿ, ಕಚ್ಚಿಸಿಕೊಂಡು, ಸಂಜೆ ಒಂದು ನಿಮಿಷ ಹಿಂತಿರುಗಿ ನೋಡಿದಾಗ ಮಗುವಿಗೆ ಏನು ಕಾಣುತ್ತದೋ ಅದೇ ಅದರ ಸ್ವಂತದ್ದು. ನಾವು ತಿದ್ದಬಾರದು. ನೀವು ತಿದ್ದಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿದೆ.

ಆದರೆ ನಾನು ಹಾಳೆ ಹಿಡಿದುಕೊಂಡು ಎದ್ದು ನಿಂತದ್ದು ಬಟಾಣಿಯ ಸಾಲು ನೋಡಿ. ಐದೂ ದಿನ ಹೇಳಿದ್ದಾಳೆ. ನನ್ನ ಹತ್ತಿರ ಏಳು ತಿಂಗಳು ಕೂತಳು. ಚೆಂಡನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು, ಆಮೇಲೆ ಪಕ್ಕಕ್ಕೆ ದಾಟಿಸುತ್ತಿದ್ದಳು. ಒಂದೇ ಒಂದು ಮಾತಿಲ್ಲ. ನೀವು ಏನು ಮಾಡಿದಿರಿ ಅಕ್ಕಾ? ಹೇಗೆ ಕೇಳಿದಿರಿ? ದಯವಿಟ್ಟು ಬರೆಯಿರಿ. ತಮಾಷೆಗೆ ಕೇಳುತ್ತಿಲ್ಲ.

ಇಲ್ಲಿ ಅಮ್ಮನ ಮನೆಯಲ್ಲಿ ನನಗೆ ಒಂದು ಸ್ಲೇಟು ಕೊಟ್ಟಿದ್ದಾರೆ. ಯಾರಾದರೂ ನೋಡಲು ಬಂದು "ಹೇಗಿದೀಯಮ್ಮ" ಎಂದರೆ, ನಾನು ಬಳಪ ಹುಡುಕುವಷ್ಟರಲ್ಲಿ ಅಮ್ಮ "ಅವಳು ಆರಾಮಾಗಿದಾಳೆ, ಊಟ ಸೇರ್ತಾ ಇದೆ, ಬೇಜಾರೇನೂ ಇಲ್ಲ" ಎಂದು ಹೇಳಿ ಮುಗಿಸಿರುತ್ತಾರೆ. ನಿನ್ನೆ ನಿಜವಾಗಿ ಬೇಜಾರಾಗಿತ್ತು. ಬಂದವರು "ಸಂತೋಷ" ಎಂದು ಎದ್ದು ಹೋದರು. ನನ್ನ ಬಾಯಿಂದ ಬಾರದ ಮಾತಿಗೆ ನಾನೇ ತಲೆಯಾಡಿಸಿ ಕೂತಿದ್ದೆ.

ಇರಲಿ. ಗಂಟಲು ಪರವಾಗಿಲ್ಲ. ಹಾಳೆ ಕಳಿಸುತ್ತಿರಿ.

ನಿಮ್ಮ ಟೀಚರ್


ಜನವರಿ ೨೫, ಭಾನುವಾರ

ಟೀಚರಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತು ಎದ್ದೆ. ಮೊದಲ ಸಲ ಪೆನ್ನು ನಿಂತಿತು, ಎರಡನೇ ಸಲ ಕುಕ್ಕರ್ ಕೂಗಿತು, ಮೂರನೇ ಸಲ ಸುಮ್ಮನೆ ಎದ್ದೆ.

ಬಟಾಣಿಗೆ ಹೇಗೆ ಕೇಳಿದೆ ಎಂದು ಕೇಳಿದ್ದೀರಿ. ಎಲ್ಲರಿಗೂ ಕೇಳಿದ ಹಾಗೇ. ವಿಶೇಷ ಏನೂ ಇಲ್ಲ. ಆ ಮಾತು ಅಲ್ಲಿಗೆ ಬಿಡೋಣ.

ನಿಮ್ಮ ತಾಯಿಯವರು ನಿಮ್ಮ ಪರವಾಗಿ ಮಾತಾಡುವುದನ್ನು ಬರೆದಿದ್ದೀರಲ್ಲ, ಅದನ್ನು ನನಗೇ ಏಕೆ ಬರೆದಿರಿ ಎಂದು ಎರಡು ದಿನ ಯೋಚಿಸಿದೆ. ಸುಮ್ಮನೆ ಮನೆಯ ಸುದ್ದಿ ಇರಬೇಕು. ಹೌದಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು, ನೀವು ತಪ್ಪು ತಿಳಿಯಬೇಡಿ.

ಬಟಾಣಿಯ ಅಮ್ಮ ಗೇಟಿನ ಹತ್ತಿರ ಸಿಕ್ಕಿದ್ದರು. ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಕಾಲು ಊದಿಕೊಂಡಿರುತ್ತದೆ, ಪಾಪ, ಆದರೂ ಮುಖದಲ್ಲಿ ಕಳೆ. "ಮನೇಲಿ ಸ್ಕೂಲಿನ ಒಂದು ಮಾತೂ ಆಡಲ್ಲ ಆಯಮ್ಮಾ, ನಿಮ್ಮ ಹತ್ರ ಮಾತ್ರ ಎಷ್ಟು ಚಂದ ಹೇಳ್ತಾಳೆ" ಎಂದು ನನ್ನ ಕೈ ಹಿಡಿದುಕೊಂಡರು. ಚೀಟಿಗಳನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿಟ್ಟಿದ್ದಾರಂತೆ. ದಿನಾ ಬೆಳಿಗ್ಗೆ ಬಟ್ಟೆ ತೆಗೆಯುವಾಗ ಓದುತ್ತಾರಂತೆ, ಅವಳಿಗೂ ಕೇಳುವ ಹಾಗೆ. ನಾನು ಕೈ ಬಿಡಿಸಿಕೊಂಡು "ವ್ಯಾನು ಬಂತು" ಎಂದು ಓಡಿದೆ. ವ್ಯಾನು ಬಂದಿರಲಿಲ್ಲ.

ಈ ವಾರದ ಹಾಳೆ ಇಟ್ಟಿದ್ದೇನೆ. "ಮಣ್ಣಿಗೆ ನೀರು ಹಾಕಿದ್ರೆ ಕಪ್ಪಾಗುತ್ತೆ, ಒಣಗಿದ್ರೆ ಅದರ ಬಣ್ಣ ಅದಕ್ಕೆ ವಾಪಸ್" ಎಂದವಳು ಅವಳಿಗಳಲ್ಲಿ ಚಿಕ್ಕವಳು. ದೊಡ್ಡವಳು "ನಂದೂ ಅದೇ" ಎಂದಳು, ಹಾಗೇ ಬರೆದಿದ್ದೇನೆ. ಅವರೆಲ್ಲರದೂ ಹೇಳಿದ್ದು ಹೇಳಿದ ಹಾಗೇ ಇದೆ.

ಬಿಸಿನೀರು ಕುಡಿಯುತ್ತಿದ್ದೀರಾ? ಕುಡಿಯಬಾರದು ಎಂದಿದ್ದರೆ ಬಿಟ್ಟುಬಿಡಿ.

ನಿಮ್ಮ ಆಯಾ


ಫೆಬ್ರವರಿ ೩

ಅಕ್ಕಾ,

ಈ ಪತ್ರ ಸಣ್ಣದು. ಬರೆಯಬೇಕಾದದ್ದು ಎರಡೇ.

ಒಂದು. ಬಟಾಣಿಯನ್ನು ಮೇಲಿನ ಕ್ಲಾಸಿಗೆ ಕಳಿಸಬೇಕೆಂದು ಹೆಡ್‌ಮಿಸ್‌ಗೆ ಬರೆದು ಹಾಕಿದ್ದೇನೆ. ನಿಮ್ಮ ನೋಟ್‌ಬುಕ್ಕೇ ಸಾಕ್ಷಿ ಎಂದಿದ್ದೇನೆ. ಅವಳ ಸಾಲುಗಳು ಬೇರೆ ಮಕ್ಕಳದಕ್ಕಿಂತ ಅಚ್ಚುಕಟ್ಟಾಗಿವೆ. ಇಷ್ಟು ದಿನ ಒಳಗೇ ಜೋಡಿಸಿ ಇಟ್ಟುಕೊಂಡಿದ್ದಳೋ ಏನೋ.

ಎರಡು. ಗಂಟಲು ವಾಸಿಯಾದರೂ ನಾನು ಕ್ಲಾಸಿಗೆ ವಾಪಸ್ ಬರುವುದು ಅನುಮಾನ. ಆಫೀಸಿನ ಕೆಲಸ ಏನಾದರೂ ಇದ್ದರೆ ಕೊಡಿ ಎಂದು ಕೇಳಬೇಕೆಂದಿದ್ದೇನೆ. ಕಾರಣ ಗಂಟಲು ಮಾತ್ರ ಅಲ್ಲ. ಹದಿನಾಲ್ಕು ವರ್ಷ ಮಕ್ಕಳ ಗದ್ದಲದ ಮೇಲೆ ಗದ್ದಲ ಮಾಡಿಯೇ ಪಾಠ ಹೇಳಿದೆ. ಗಂಟಲಲ್ಲಿ ಗಂಟು ಕಟ್ಟಿದ್ದು ಅದರಿಂದಲೇ ಎಂದು ಡಾಕ್ಟರು ಹೇಳಿದರು. ನನ್ನ ಗಂಟಲಿಗೇ ತಡೆಯಲಾಗದ ದನಿಯನ್ನು ಆ ಪುಟ್ಟ ಕಿವಿ ಹೇಗೆ ತಡೆದುಕೊಂಡಿತ್ತೋ. ನಾನು ಹೋದ ವಾರವೇ ಆ ಮಗು ಬಾಯಿ ಬಿಟ್ಟಿತು. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ನೀವು ಬೇಸರ ಮಾಡಿಕೊಳ್ಳಬೇಡಿ. ಇದು ನಿಮ್ಮ ಗೆಲುವು. ನಾನು ಸಂತೋಷವಾಗಿಯೇ ಇದ್ದೇನೆ.

ಟೀಚರ್


ಫೆಬ್ರವರಿ ೮, ಭಾನುವಾರ

ಟೀಚರಮ್ಮಾ,

ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬರೆದರೆ ನಡುವೆ ಧೈರ್ಯ ಸೋರಿಹೋಗುತ್ತದೆ.

ಬಟಾಣಿ ಏನೂ ಹೇಳಿಲ್ಲ. ಒಂದು ದಿನವೂ ಹೇಳಿಲ್ಲ. ಅವಳ ಸಾಲುಗಳನ್ನೆಲ್ಲ ಬರೆದವಳು ನಾನು. ನಿಮ್ಮ ದನಿಗೆ ಮುಚ್ಚಿದ್ದ ಬಾಯಿ ನನ್ನ ದನಿಗೆ ತೆರೆಯಲಿಲ್ಲ. ಅದು ಮುಚ್ಚಿದ ಹಾಗೇ ಇದೆ. ನಿಮ್ಮಿಂದ ಅಲ್ಲ, ನಿಮ್ಮಿಂದ ಅಲ್ಲ. ಎರಡು ಸಲ ಬರೆದದ್ದು ತಪ್ಪಿ ಅಲ್ಲ.

ಮೊದಲ ದಿನ ಚೆಂಡು ಅವಳ ಮಡಿಲಿಗೆ ಹೋಯಿತು. ಕಾದೆ. ರೇಡಿಯೋ ಆಗಲೇ ಕುಂಡೆ ಎತ್ತಿ ಎತ್ತಿ ಕೂರುತ್ತಿದ್ದ. ಚೆಂಡು ಪಕ್ಕಕ್ಕೆ ಹೋಯಿತು. ಹದಿನೇಳು ಸಾಲು ತುಂಬಿ ಒಂದು ಖಾಲಿ. ಹೆಡ್‌ಮಿಸ್ ಕಾರಿಡಾರಿನಲ್ಲಿ ಹೇಳಿದ್ದು ನೆನಪಾಯಿತು. ಕೈ ತಾನಾಗಿ ಬರೆಯಿತು, "ಹಸಿರು ಬಣ್ಣವನ್ನು ಗುರುತಿಸಲು ಕಲಿತೆ" ಎಂದು. ಮಾರನೆಯ ದಿನ ನಿಲ್ಲಿಸೋಣ ಎಂದುಕೊಂಡೆ. ಆದರೆ ಸೋಮವಾರ ಹೇಳಿದವಳು ಮಂಗಳವಾರ ಏಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಿದರೆ? ಐದು ವಾರ ಹೀಗೇ ಆಯಿತು. ರಜೆ, ಅವಳು ಬಾರದ ದಿನ ಎಲ್ಲ ಸೇರಿ ಮೂರು ಬಿಟ್ಟು ಇಪ್ಪತ್ತೆರಡು ಸಾಲು.

ನಾನು ಏಕೆ ಹೀಗೆ ಮಾಡಿದೆ ಎಂದು ನನಗೇ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿದೆ. ನಮ್ಮಪ್ಪ ಕಟ್ಟಡದ ಕೆಲಸಕ್ಕೆ ಊರೂರು ತಿರುಗುತ್ತಿದ್ದರು. ಐದು ವರ್ಷಕ್ಕೆ ನಾಲ್ಕು ಸ್ಕೂಲು. ಹೋದ ಕಡೆಯೆಲ್ಲ ಪಾಠ ನನಗಿಂತ ಮುಂದೆ ಹೋಗಿರುತ್ತಿತ್ತು. ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದೆ. ಕೊನೆಯ ಸ್ಕೂಲಿನಲ್ಲಿ ನನ್ನ ಕಾರ್ಡಿನ ಮೇಲೆ "ಮಂದ" ಎಂದು ಬರೆದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಪಕ್ಕದ ಮನೆಯವರಿಂದ ಓದಿಸಿದರು, ಅವರು ಗಟ್ಟಿಯಾಗಿಯೇ ಓದಿದರು. ಮಾರನೆಯ ದಿನದಿಂದ ನಾನು ಹೋಗಲಿಲ್ಲ. ಆ ಜಾಗದಲ್ಲಿ ಯಾರಾದರೂ ಒಂದು ಒಳ್ಳೆಯ ಮಾತು ಬರೆದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ. ಅದನ್ನೇ ಬಟಾಣಿಗೆ ಮಾಡಿದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ, ನಿಮ್ಮ ಪತ್ರ ಬರುವ ತನಕ. ನನ್ನ ಒಂದು ಸುಳ್ಳಿಗೆ ನೀವು ಹದಿನಾಲ್ಕು ವರ್ಷದ ಕೆಲಸ ಬಿಡಲು ಹೊರಟಿದ್ದೀರಿ.

ನಾಳೆಯಿಂದ ಅವಳ ಸಾಲು ಖಾಲಿ ಬಿಡುತ್ತೇನೆ. ಹೆಡ್‌ಮಿಸ್‌ಗೂ ಹೇಳುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ಉಪ್ಪು ತಿಂದವರು ನೀರು ಕುಡಿಯಬೇಕು. ಅವಳನ್ನು ಇಲ್ಲೇ ಕೂರಿಸಿಬಿಟ್ಟರೆ ಮಾತ್ರ ನನಗೆ ತಡೆಯಲು ಆಗುವುದಿಲ್ಲ. ಅವಳ ಜೊತೆಯ ಹದಿನೇಳೂ ಮೆಟ್ಟಿಲು ಹತ್ತಿ ಹೋಗಿ, ಅವಳೊಬ್ಬಳು ಇದೇ ಚಾಪೆಯ ಮೇಲೆ.

ಬೈಯಬೇಕಾದರೆ ಬೈದು ಬರೆಯಿರಿ. ಸುಮ್ಮನೆ ಮಾತ್ರ ಇರಬೇಡಿ.

ಆಯಾ


ಫೆಬ್ರವರಿ ೧೭

ಅಕ್ಕಾ,

ಈ ಉತ್ತರ ತಡವಾಯಿತು. ಮೊದಲು ಬರೆದದ್ದನ್ನು ಹರಿದು ಹಾಕಿದೆ. ಅದರಲ್ಲಿ ಬೈಗುಳ ಇತ್ತು. ಎರಡನೆಯದನ್ನೂ ಹರಿದೆ. ಅದರಲ್ಲಿ ಬೈಗುಳವೇ ಇರಲಿಲ್ಲ, ಅದು ಇನ್ನೂ ಸುಳ್ಳಾಗಿತ್ತು.

ನಿಜ ಹೇಳುತ್ತೇನೆ. ನಿಮ್ಮ ಪತ್ರ ಓದಿ ಮೊದಲು ಆದದ್ದು ಸಮಾಧಾನ. ನನ್ನ ದನಿಯಿಂದ ಆ ಮಗು ಮುದುಡಿರಲಿಲ್ಲ ಎಂಬ ಸಮಾಧಾನ. ಆಮೇಲೆ ನನಗೇ ನಾಚಿಕೆಯಾಯಿತು. ಒಂದು ಮಗು ಐದು ವಾರವೂ ಮಾತಾಡಿಲ್ಲ ಎಂಬ ಸುದ್ದಿ ಕೇಳಿ ಟೀಚರ್ ಒಬ್ಬಳು ಹಗುರಾಗುತ್ತಾಳಲ್ಲ. ಹಾಗಾಗಿ ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೇವೆ. ನೀವು ಅವಳ ಸಾಲು ತುಂಬಿದಿರಿ, ನಾನು ಅದನ್ನು ನನ್ನ ಬಗ್ಗೆ ಎಂದು ಓದಿದೆ. ಇಬ್ಬರೂ ಅವಳನ್ನು ನೋಡಲಿಲ್ಲ.

ನನಗೇ ಗೊತ್ತಾಗಬೇಕಿತ್ತು. ಐದು ವರ್ಷದ ಮಗು "ಹಿರಿಯರ ಮಾತನ್ನು ಗೌರವದಿಂದ ಆಲಿಸಬೇಕೆಂದು ಕಲಿತೆ" ಎಂದು ಯಾವ ಲೋಕದಲ್ಲಿ ಹೇಳುತ್ತದೆ? ಓದಿ ಮೆಚ್ಚಿಕೊಂಡಿದ್ದೆ. ಅದಕ್ಕೆ ನಕ್ಕುಬಿಟ್ಟೆ, ಅಮ್ಮ ಓಡಿಬಂದು "ನಗಬೇಡ, ಗಂಟಲು" ಎಂದು ಗದರಿದರು.

ಹೆಡ್‌ಮಿಸ್‌ಗೆ ಹೇಳುತ್ತೇನೆ ಎಂದಿದ್ದೀರಿ. ಹೇಳಿ. ಆದರೆ ಒಂದು ಯೋಚನೆ ಮಾಡಿ. ಆ ಚೀಟಿಗಳು ಅವಳ ಬ್ಯಾಗಿನಲ್ಲೇ ಮನೆಗೆ ಹೋದವು. ಅಮ್ಮ ಗಟ್ಟಿಯಾಗಿ ಓದಿದಾಗ ಅವಳು ಅಲ್ಲೇ ನಿಂತು ಕೇಳಿದ್ದಾಳೆ, ತಾನು ಹೇಳದ ಮಾತನ್ನು ತಾನು ಹೇಳಿದೆ ಎಂದು. ಸ್ಲೇಟು ಹಿಡಿದುಕೊಂಡು ಕೂತ ನನಗೆ ಅದು ಹೇಗಿರುತ್ತದೆಂದು ಈಗ ಗೊತ್ತು. ನೀವು ನನಗೆ ಹೇಳಿದಿರಿ, ಅವರಿಗೆ ಇವರಿಗೆ ಹೇಳುತ್ತೀರಿ. ಅವಳಿಗೆ ಹೇಳಿದಿರಾ? ನೋಟ್‌ಬುಕ್ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತು ಹೇಳಿ. ಅವಳು ಏನಾದರೂ ಅಂದಾಳೆಂದು ಕಾಯಬೇಡಿ. ಸುಮ್ಮನೆ ಹೇಳಿ.

ನಾನು ವಾಪಸ್ ಬರುತ್ತೇನೋ ಇಲ್ಲವೋ ಎಂಬುದು ಡಾಕ್ಟರ ಕೈಯಲ್ಲಿದೆ. ನಿಮ್ಮ ಕೈಯಲ್ಲಿಲ್ಲ, ಅಷ್ಟು ತಿಳಿದುಕೊಳ್ಳಿ.

ನಿಮ್ಮ ಟೀಚರ್


ಫೆಬ್ರವರಿ ೧೮, ಬುಧವಾರ

ಟೀಚರಮ್ಮನವರಿಗೆ,

ಹತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಸಿಟ್ಟಾಗಿದ್ದೀರಿ. ಆಗಬೇಕಾದದ್ದೇ. ಆದರೂ ನಡೆದದ್ದನ್ನು ಬರೆಯುತ್ತೇನೆ, ಓದದೇ ಒಲೆಗೆ ಹಾಕಿದರೂ ಸರಿ.

ಹೆಡ್‌ಮಿಸ್‌ಗೆ ಸೋಮವಾರವೇ ಹೇಳಿದೆ. ಅವರು ಕನ್ನಡಕ ತೆಗೆದರು.

"ಎಷ್ಟು ದಿನ?"

"ಇಪ್ಪತ್ತೆರಡು."

"ಉಳಿದ ಮಕ್ಕಳದು?"

"ಅವರದ್ದು ಒಂದಕ್ಷರ ಆಚೀಚೆ ಇಲ್ಲ ಮೇಡಂ."

"ಅವಳೊಬ್ಬಳಿಗೆ ಯಾಕೆ ಈ ಉಪಕಾರ?"

"ಅವಳದೊಂದೇ ಖಾಲಿ ಇತ್ತು."

ಮೇಜಿನ ಮೇಲೆ ನೀವು ಬರೆದ ಪತ್ರ ಇತ್ತು, ನಿಮ್ಮ ಅಕ್ಷರ ದೂರದಿಂದಲೇ ಗೊತ್ತಾಯಿತು. ಅದನ್ನು ಮಡಚಿ ಡ್ರಾಯರಿನೊಳಗೆ ಹಾಕಿದರು. "ಇಪ್ಪತ್ತೇಳನೇ ತಾರೀಕು ನಾನೇ ಬಂದು ಚಾಪೆ ಹತ್ರ ಕೂತ್ಕೋತೀನಿ. ಅವಳಾಗಿ ಏನಾದ್ರೂ ಹೇಳಿದ್ರೆ ಮೇಲಕ್ಕೆ. ಇಲ್ದಿದ್ರೆ ಇನ್ನೊಂದು ವರ್ಷ ಇಲ್ಲೇ. ನಿಮ್ಮ ವಿಷಯ ಆಮೇಲೆ ನೋಡೋಣ. ಅಲ್ಲಿ ತನಕ ಚಾಪೆ ಹಾಸೋದು ನೀವೇ" ಎಂದರು. ಆಮೇಲೆ ಎಂದರೆ ಯಾವಾಗ ಎಂದು ಕೇಳದೇ ಚಾಪೆ ಹಾಸಲು ಹೋದೆ.

ಬಟಾಣಿಯ ಅಮ್ಮನಿಗೆ ನಿನ್ನೆ ಹೇಳಿದೆ. ಗೇಟಿನ ಹೊರಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ.

"ಚೀಟೀಲಿರೋದು ಅವಳು ಹೇಳಿದ್ದಲ್ಲಮ್ಮಾ. ನಾನು ಬರೆದಿದ್ದು."

"ಯಾವ ಚೀಟಿ?"

"ಎಲ್ಲಾನೂ."

ಅವರು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಅವಳು ಮೊದಲನೇ ವಾರಾನೇ ಹೇಳಿದ್ಲು. ನಾನು ಹಾಗೆ ಹೇಳಿಲ್ಲಮ್ಮ ಅಂತ. ಸ್ಕೂಲಿನವರು ಸುಳ್ಳು ಬರೀತಾರೇನೇ ಅಂತ ನಾನೇ ಗದರಿದೆ. ಇನ್ನೊಂದು ಸಲಾನೂ ಹೇಳಿದ್ಲು. ಒಂದೇಟು ಹಾಕಿದೆ. ಆಮೇಲೆ ಹೇಳಲಿಲ್ಲ."

ನಾನು ಏನೋ ಹೇಳಲು ಹೋದೆ.

"ಬೇಡ" ಎಂದರು. "ನಿಜ ಹೇಳಿದ ಮಗುನ ನನ್ನ ಕೈಲೇ ಸುಳ್ಳುಗಾತಿ ಮಾಡಿಸಿದ್ರಲ್ಲ ಆಯಮ್ಮಾ." ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಇವತ್ತು ಮಗುವನ್ನು ಬಿಡಲು ಬಂದಾಗ ನನ್ನ ಕಡೆ ನೋಡಲಿಲ್ಲ.

ಊಟ ಸೇರುತ್ತಿಲ್ಲ. ನಮ್ಮನೆಯವರು ಕೂಡ ಈ ಸಲ ತಮಾಷೆ ಮಾಡಲಿಲ್ಲ, ಅದರಿಂದ ಇನ್ನೂ ಹೆದರಿಕೆ.

ಬಟಾಣಿಯ ಸಾಲು ಎಂಟು ದಿನದಿಂದ ಖಾಲಿ. ಹಾಳೆಯಲ್ಲಿ ಬಿದ್ದ ಹಲ್ಲಿನ ಹಾಗೆ ಕಾಣುತ್ತದೆ.

ಆಯಾ


ಫೆಬ್ರವರಿ ೨೮, ಶನಿವಾರ

ಟೀಚರಮ್ಮನವರಿಗೆ ಆಯಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಇಪ್ಪತ್ತೊಂದಕ್ಕೆ ಬಂತು. ನನ್ನದು ದಾರಿಯಲ್ಲಿ ಅದಕ್ಕೆ ಎದುರಾಗಿ ಬಂದಿರಬೇಕು. ನೀವು ಬರೆದದ್ದು ನಿಜ. ಊರಿಗೆಲ್ಲ ಹೇಳಿದ್ದೆ, ಅವಳೊಬ್ಬಳಿಗೆ ಬಿಟ್ಟು. ಅಷ್ಟು ಚಿಕ್ಕವಳಿಗೆ ಏನು ತಿಳಿಯುತ್ತದೆ ಎಂದು ಅಂದುಕೊಂಡಿದ್ದೆನೋ, ಅವಳಿಗೇ ಹೆಚ್ಚು ಹೆದರಿದ್ದೆನೋ, ಗೊತ್ತಿಲ್ಲ.

ಸೋಮವಾರ ಮಧ್ಯಾಹ್ನ ಮಿಕ್ಕವರು ಮಲಗಿದ್ದಾಗ ಅವಳು ಎಚ್ಚರವಾಗಿದ್ದಳು. ನೋಟ್‌ಬುಕ್ ತೆಗೆದುಕೊಂಡು ಶೂ ಇಡುವ ಕಪಾಟಿನ ಹತ್ತಿರ ಅವಳ ಪಕ್ಕದಲ್ಲಿ ಕೂತೆ. "ಇಲ್ಲಿ ನಿನ್ನ ಹೆಸರಿನ ಮುಂದೆ ಇರೋದು ನೀನು ಹೇಳಿದ್ದಲ್ಲ ಪುಟ್ಟಾ. ನಾನು ಬರೆದಿದ್ದು. ನೀನು ಅಮ್ಮಂಗೆ ಹೇಳಿದ್ದೇ ನಿಜ. ಅಮ್ಮಂಗೂ ಹೇಳಿದೀನಿ" ಎಂದೆ. ಅವಳು ಪುಸ್ತಕ ನೋಡಿದಳು. ನನ್ನ ಜೇಬಿನ ಪೆನ್ನು ನೋಡಿದಳು. ಕೈ ಚಾಚಿದಳು.

ಕೊಟ್ಟೆ. ನಾನು ಒಂದೊಂದೇ ಸಾಲು ಬೆರಳಿಟ್ಟು ಓದಿದೆ, ಅವಳು ಒಂದೊಂದನ್ನೇ ಹೊಡೆದು ಹಾಕಿದಳು. ಸುಮ್ಮನೆ ಗೀಚಲಿಲ್ಲ. ಈ ತುದಿಯಿಂದ ಆ ತುದಿಗೆ ಒಂದು ಗೆರೆ, ನಾಲಿಗೆ ಹೊರಗೆ ಹಾಕಿಕೊಂಡು. ಹಸಿರು ಬಣ್ಣ ಹೋಯಿತು, ಹಿರಿಯರ ಗೌರವ ಹೋಯಿತು. ಹದಿನೈದನೆಯದು ಇತ್ತು: "ದುಂಡಗೆ ಕತ್ತರಿಸಲು ಕತ್ತರಿಯನ್ನಲ್ಲ, ಕಾಗದವನ್ನು ತಿರುಗಿಸಬೇಕು." ಆ ದಿನ ಅವಳು ಹಾಗೆ ಮಾಡುವುದನ್ನು ನೋಡಿದ್ದೆ, ಬೇರೆ ಏನೂ ತೋಚದೆ ಅದನ್ನೇ ಬರೆದಿದ್ದೆ. ಪೆನ್ನು ಅಲ್ಲಿ ನಿಂತಿತು.

"ಇದು ಇರಲಿ" ಎಂದಳು.

ಟೀಚರಮ್ಮಾ, ಅವಳ ದನಿ ನಾನು ಅಂದುಕೊಂಡ ಹಾಗಿಲ್ಲ. ಸ್ವಲ್ಪ ದಪ್ಪ.

ಮುಂದಿನದನ್ನು ಹೊಡೆದು ಹಾಕಿದಳು. ಇಪ್ಪತ್ತೊಂದು ಹೋಗಿ ಒಂದು ಉಳಿಯಿತು. ಪೆನ್ನಿಗೆ ಮುಚ್ಚಳ ಹಾಕಿ ಕೊಟ್ಟು ಹೋಗಿ ಮಲಗಿದಳು. ಚಾಪೆಯ ಮೇಲೆ ಮಾತ್ರ ಮಂಗಳ, ಬುಧ, ಗುರುವಾರ ಮತ್ತೆ ಮೌನ.

ನಿನ್ನೆ ಶುಕ್ರವಾರ. ಹೆಡ್‌ಮಿಸ್ ಬಂದು ಮಕ್ಕಳ ಕುರ್ಚಿಯ ಮೇಲೆ ಕೂತರು, ಮಂಡಿ ಗದ್ದಕ್ಕೆ ತಾಗುವ ಹಾಗೆ. ಬಟಾಣಿಯ ಅಮ್ಮ ಅಂಗಡಿಯಿಂದ ಅರ್ಧ ಗಂಟೆ ಕೇಳಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

ಚೆಂಡು ತಿರುಗುತ್ತಾ ಬಂತು. ರೇಡಿಯೋ ಐದು ಕಲಿತಿದ್ದ, ಎರಡಕ್ಕೆ ನಿಲ್ಲಿಸಿದೆ. ವಕೀಲ "ದೊಡ್ಡೋರು ಚಿಕ್ಕ ಕುರ್ಚೀಲಿ ಕೂತ್ರೆ ಮೆತ್ತಗೆ ಮಾತಾಡ್ತಾರೆ" ಎಂದ. ಹೆಡ್‌ಮಿಸ್ ಕೆಮ್ಮಿದರು. ಆಮೇಲೆ ಚೆಂಡು ಬಟಾಣಿಯ ಮಡಿಲಿಗೆ ಬಂತು.

ಅವಳು ಸುಮ್ಮನೆ ಕೂತಳು. ನಾನೂ ಕೂತೆ. ಎಷ್ಟು ಹೊತ್ತು ಎಂದು ಹೇಳಲಾರೆ. ಗೋಡೆಯ ಗಡಿಯಾರದ ಸದ್ದು ಅಷ್ಟು ದೊಡ್ಡದೆಂದು ಆರು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ರೇಡಿಯೋ "ಅವಳು ಇವತ್ತು..." ಎಂದು ಶುರು ಮಾಡಿದ. ಅವನ ಕೈ ಹಿಡಿದುಕೊಂಡೆ, ನಿಂತ. ಬಾಗಿಲ ಹತ್ತಿರ ಅಮ್ಮ ಏನೋ ಹೇಳಲು ಬಾಯಿ ತೆರೆದು ತಾವೇ ಮುಚ್ಚಿಕೊಂಡರು. ನನ್ನ ನಾಲಿಗೆಯ ತುದಿಗೇ ಹತ್ತು ಮಾತು ಬಂದಿದ್ದವು ಟೀಚರಮ್ಮಾ, ಎಲ್ಲವೂ ಒಳ್ಳೆಯ ಮಾತುಗಳೇ. ನುಂಗಿದೆ.

"ಇವತ್ತು ಏನೂ ಕಲೀಲಿಲ್ಲ" ಎಂದಳು ಬಟಾಣಿ.

ಹೆಡ್‌ಮಿಸ್ ಕೈಯ ಪೆನ್ಸಿಲ್ಲು ಅಲ್ಲಾಡಿತು. ಆದರೂ ಹೇಳಿದ ಹಾಗೇ ಬರೆದೆ.

"ನಿನ್ನೇದು ಹೇಳ್ಲಾ?" ಎಂದಳು.

"ಹೇಳಮ್ಮ" ಎಂದರು ಹೆಡ್‌ಮಿಸ್.

"ಗೋಂದು ಅಂಚಲ್ಲಿ ಮೊದಲು ಒಣಗುತ್ತೆ. ಮಧ್ಯ ಒಣಗಿರಲ್ಲ. ಅಂಚು ಮುಟ್ಟಿ ಆಯ್ತು ಅಂತ ಎತ್ತಬಾರದು." ನಿಲ್ಲಿಸಿದಳು. ಬೆರಳು ಮಡಚಿದಳು. "ಮೊನ್ನೇದು ಬೇರೆ."

ಅಷ್ಟರಲ್ಲಿ ವ್ಯಾನು ಹಾರ್ನ್ ಹೊಡೆಯಿತು. ಮಕ್ಕಳೆಲ್ಲ ಏಳಲು ಹೊರಟರು. "ಯಾರೂ ಏಳ್ಬೇಡಿ" ಎಂದು ಹೆಡ್‌ಮಿಸ್ ನನ್ನ ಕಡೆ ತಿರುಗಿ, "ವ್ಯಾನಿನವನಿಗೆ ಸ್ವಲ್ಪ ಕಾಯೋಕೆ ಹೇಳಿ ಬನ್ನಿ" ಎಂದರು. ಓಡಿ ಹೋಗಿ ಹೇಳಿ ಬಂದೆ. ಬರುವಷ್ಟರಲ್ಲಿ ಅವಳು ಹೋದ ವಾರ ಕಲಿತದ್ದಕ್ಕೆ ಹೋಗಿದ್ದಳು. ನನ್ನ ನೋಟ್‌ಬುಕ್ ಹೆಡ್‌ಮಿಸ್ ಮಂಡಿಯ ಮೇಲೆ ಇತ್ತು, ಅವರೇ ಬರೆಯುತ್ತಿದ್ದರು. ತಿದ್ದಿ ಬರೆದುಬಿಡುತ್ತಾರೇನೋ ಎಂದು ನನಗೆ ಅದೊಂದು ಹೊಸ ದಿಗಿಲು. ಆಮೇಲೆ ಓದಿ ನೋಡಿದೆ. ಇಲ್ಲ, ಹೇಳಿದ ಹಾಗೇ ಇದೆ. ಅಮ್ಮ ಯಾವಾಗ ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕೂತರೋ ನಾನು ನೋಡಲಿಲ್ಲ. ಹೋಗುವಾಗ ನನಗೆ "ಬರ್ತೀನಿ" ಎಂದರು. ಅಷ್ಟೇ ಅಂದರು.

ಮಕ್ಕಳು ಹೋದ ಮೇಲೆ ಹೆಡ್‌ಮಿಸ್ ಕುರ್ಚಿಯಿಂದ ಏಳಲಾರದೆ ನನ್ನ ಕೈ ಹಿಡಿದು ಎದ್ದರು. "ಕಳ್ಸೋಣ ಮೇಲಕ್ಕೆ" ಎಂದರು. "ಆದ್ರೆ ಒಂದನೇ ಕ್ಲಾಸಿನ ಟೀಚರ್ ಹತ್ರ ನೀವೇ ಹೋಗಿ ಹೇಳ್ಬೇಕು. ಈ ಮಗೂಗೆ ಮಾತು ಒಂದು ದಿನ ತಡವಾಗಿ ಬರುತ್ತೆ, ಕಾಯಬೇಕು ಅಂತ."

"ನಾನಾ ಮೇಡಂ? ಆರನೇ ಕ್ಲಾಸೂ..."

"ಗೊತ್ತು. ಹೋಗಿ ಹೇಳಿ. ನಿಮ್ಮ ವಿಷಯ ಅಂದಿದ್ನಲ್ಲ, ಅದು ಇದೇ."

ಸೋಮವಾರ ಹನ್ನೊಂದು ಗಂಟೆಗೆ ಹೋಗಬೇಕು. ಆ ಟೀಚರು ಜೋರಂತೆ, ಮಧ್ಯದಲ್ಲೇ ಮಾತು ತಡೆಯುತ್ತಾರಂತೆ. ಏನು ಕೇಳುತ್ತಾರೋ, ನಾನು ಏನು ಹೇಳುತ್ತೇನೋ. ಆದರೂ ಹೋಗುತ್ತೇನೆ, ಅವರು ತಡೆದರೆ ಅವರದು ಮುಗಿಯುವ ತನಕ ನಿಂತಿದ್ದು ಹೇಳಿಯೇ ಬರುತ್ತೇನೆ.

ನಿಮ್ಮ ಆಯಾ